ಹಿನ್ನೆಲೆಯಲ್ಲಿ ಉಳಿದ ಬೀದಿ

ಕೇಳುಗರಿಗೆ ನಮಸ್ಕಾರ. ಛಾಯಾಚಿತ್ರಗಳ ಬಗ್ಗೆ ರೇಡಿಯೋದಲ್ಲಿ ಮಾತನಾಡಲು ಹೊರಟಿದ್ದೇನೆ. ತೋರಿಸಲು ನನ್ನ ಬಳಿ ಏನೂ ಇಲ್ಲ, ಮಾತಿನಲ್ಲೇ ಬಿಡಿಸಬೇಕು. ಇದರಲ್ಲಿ ಒಂದು ಅನುಕೂಲವೂ ಉಂಟು. ನಾನು ಎಲ್ಲಿ ಬೆರಳಿಡುತ್ತೇನೋ ಅಲ್ಲಿಯೇ ನೀವು ನೋಡಬೇಕಾಗುತ್ತದೆ.

ಮೊದಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋಗೋಣ. ಎರಡೂ ಬದಿ ಕಪ್ಪಿಟ್ಟ ಕಲ್ಲುಗೋಡೆ. ನಡುವೆ, ಎದುರು ಬಂದವರಿಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಾದಷ್ಟು ಕಿರಿದಾದ ಓಣಿ. ಕಾಲಡಿಯಲ್ಲಿ ಒದ್ದೆ ಚರಂಡಿಯ ಮಿನುಗು. ತಲೆಯ ಮೇಲೆ ಆಕಾಶದ ಒಂದು ಪಟ್ಟಿ, ಅದಕ್ಕೂ ಅಡ್ಡಲಾಗಿ ಒಣಹಾಕಿದ ಬಟ್ಟೆ. ಹಳೆಯ ಕೇರಿಗಳನ್ನು ಕೆಡವಲು 1866ರಲ್ಲಿ ಒಂದು ಕಾಯಿದೆ ಬಂತು. ಅದರಂತೆ ರಚನೆಯಾದ ಮಂಡಳಿಯೇ, ಕೆಡವುವ ಮುನ್ನ ಅವುಗಳ ಚಿತ್ರ ತೆಗೆಯಲು ಥಾಮಸ್ ಅನ್ನಾನ್ ಎಂಬ ಛಾಯಾಗ್ರಾಹಕನನ್ನು ನೇಮಿಸಿತು. 1868ರಿಂದ 1871ರವರೆಗೆ ಅವನು ಈ ಓಣಿಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿದ. ಚಿತ್ರಗಳ ಹೆಸರು ನೋಡಿ: 'ಹೈ ಸ್ಟ್ರೀಟ್, ಓಣಿ ಸಂಖ್ಯೆ 118'. ಅಲ್ಲಿ ನಿಂತವರು ಯಾರು ಎಂದು ಹೆಸರಿನಲ್ಲಿ ಎಲ್ಲಿಯೂ ಇಲ್ಲ.

ಆದರೆ ಜನ ಬಂದು ನಿಂತಿದ್ದಾರೆ. ಕ್ಯಾಮೆರಾ ಬಂದರೆ ಮಕ್ಕಳು ಸುಮ್ಮನಿರುತ್ತಾರೆಯೇ! ಮಸಕು ಬೆಳಕಿನ ಓಣಿ, ಫಿಲ್ಮಿನ ಬದಲು ಬೆಳಕಿಗೆ ನಿಧಾನವಾಗಿ ಸ್ಪಂದಿಸುವ ಅಂದಿನ ಗಾಜಿನ ಫಲಕ. ಚಿತ್ರ ಮೂಡಲು ಎಷ್ಟೋ ಸೆಕೆಂಡುಗಳು ಬೇಕಿದ್ದವು. ಅಷ್ಟೂ ಹೊತ್ತು ಅಲುಗಾಡದೆ ನಿಂತವರಿಗೆ ಮುಖ ಉಳಿದಿದೆ. ಅಲುಗಾಡಿದವರು ಹೊಗೆಯಾಗಿದ್ದಾರೆ. ಗಾಳಿಗೆ ಆಡಿದ ಬಟ್ಟೆಗಳದ್ದೂ ಅದೇ ಪಾಡು. ಕಲ್ಲುಗೋಡೆ ಮಾತ್ರ ಚುಕ್ಕೆ ಚುಕ್ಕೆಯೂ ಸ್ಪಷ್ಟ. ಬದುಕಿದ್ದದ್ದು ಮಸುಕಾಗಿ, ಮುಂದೆ ಬೀಳಲಿದ್ದ ಗೋಡೆ ನಿಚ್ಚಳವಾಗಿ ಉಳಿಯಿತು. ಇದು ರಸಾಯನಶಾಸ್ತ್ರದ ತಮಾಷೆಯೇ ಸರಿ.

ಪ್ಯಾರಿಸ್ಸಿನಲ್ಲೂ ನಡೆದದ್ದು ಇದೇ. ನಗರವನ್ನು ಕೆಡವಿ ಮರುಕಟ್ಟಿಸಿದ ಅಧಿಕಾರಿ ಹೌಸ್‌ಮನ್ನನ ಅಗಲ ರಸ್ತೆಗಳಿಗೆ ದಾರಿ ಬಿಡಬೇಕಿದ್ದ ಹಳೆಯ ಬೀದಿಗಳನ್ನು 1860ರ ದಶಕದಲ್ಲಿ ಛಾಯಾಗ್ರಾಹಕ ಚಾರ್ಲ್ಸ್ ಮಾರ್ವಿಲ್ ಚಿತ್ರಿಸಿದ. ನಾನೂರಕ್ಕೂ ಹೆಚ್ಚು ನೋಟಗಳು. ಅವುಗಳಲ್ಲಿ ಹೆಚ್ಚಿನವು ನಿರ್ಜನ, ಮಳೆ ನಿಂತ ಮೇಲಿನ ಕಲ್ಲುಹಾಸಿನಂತೆ ಹೊಳೆಯುವ ಬೀದಿಗಳು. ಅವನ ಸಂಬಳ ಬರುತ್ತಿದ್ದದ್ದು ನಗರದ ಬೊಕ್ಕಸದಿಂದ.

ಆ ಓಣಿಗಳು ಬಹಳ ಚೆನ್ನಾಗಿದ್ದವು, ಅನ್ಯಾಯವಾಗಿ ಕೆಡವಿದರು ಎಂದು ನಾನು ಹೇಳುವುದಿಲ್ಲ. ಗ್ಲಾಸ್ಗೋದ ಆ ಕೋಣೆಗಳಲ್ಲಿ ಟೈಫಸ್ ಇತ್ತು, ಕಾಲರಾ ಇತ್ತು. ಒದ್ದೆ ಗೋಡೆಗೆ ಬೆನ್ನು ಕೊಟ್ಟು ಮಲಗಿದವರಿಗೆ ಅದರಲ್ಲಿ ಯಾವ ಸೊಗಸೂ ಕಂಡಿರಲಾರದು. ನನ್ನ ತಕರಾರು ಬೇರೆ. ಇವೆಲ್ಲ ಕೆಡವುವವರ ಕಣ್ಣಿನ ಚಿತ್ರಗಳು. ಕ್ಯಾಮೆರಾ ಒಮ್ಮೆ ಬಂತು, ಗೋಡೆಗಾಗಿ ಬಂತು, ಹೋಯಿತು. ಅಲ್ಲಿ ಹುಟ್ಟಿ ಬೆಳೆದವರ ಕೈಗೆ ಕ್ಯಾಮೆರಾ ಸಿಕ್ಕಿದ್ದರೆ ಏನನ್ನು ತೆಗೆಯುತ್ತಿದ್ದರು?

ಇದಕ್ಕೆ ಉತ್ತರ ಸಿಗುವುದು ಸುಮಾರು ತೊಂಬತ್ತು ವರ್ಷಗಳ ಬಳಿಕ, ಅಮೆರಿಕದ ಬಾಸ್ಟನ್ನಿನಲ್ಲಿ. ನಗರದ ನಡುವೆ ವೆಸ್ಟ್ ಎಂಡ್ ಎಂಬ ಬಡಾವಣೆ. ಇಟಲಿಯವರು, ಯಹೂದಿಗಳು, ಪೋಲೆಂಡಿನವರು ಒತ್ತೊತ್ತಾಗಿ ಬಾಳಿದ ಇಟ್ಟಿಗೆಯ ವಠಾರಗಳು. ಅದು ಕೊಳೆಗೇರಿ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಕೆಡವುವ ಮುನ್ನ ಕೆಲವು ತಿಂಗಳು ಅಲ್ಲಿಯೇ ಮನೆ ಮಾಡಿದ್ದ ಸಮಾಜವಿಜ್ಞಾನಿ ಹರ್ಬರ್ಟ್ ಗ್ಯಾನ್ಸ್, ಇದು ಕಡಿಮೆ ಬಾಡಿಗೆಯ ಪ್ರದೇಶವೇ ಹೊರತು ಕೊಳೆಗೇರಿಯಲ್ಲ ಎಂದರು. 1958ರಲ್ಲಿ ತೆರವಿನ ನೋಟಿಸು ಬಂತು. ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳು ದಿಕ್ಕಾಪಾಲಾದವು.

ಆದರೆ ಈ ಹೊತ್ತಿಗೆ ಮನೆಮನೆಗೂ ಅಗ್ಗದ ಕ್ಯಾಮೆರಾ ಬಂದಿತ್ತು. ಮೂಟೆ ಕಟ್ಟಿದಾಗ ಆಲ್ಬಮ್ಮುಗಳೂ ಜೊತೆಗೆ ಹೋದವು. ಅವುಗಳಲ್ಲಿ ಬೀದಿಯ ಚಿತ್ರ ಒಂದೂ ಇರಲಾರದು ಎನಿಸುತ್ತದೆ. ದಿನವೂ ನಡೆಯುವ ಬೀದಿಯ ಚಿತ್ರವನ್ನು ಯಾರು ತೆಗೆದಾರು? ಅಲ್ಲಿರುವುದು ಮದುಮಗಳು, ಹೊಸ ಕೋಟು ಹಾಕಿದ ಹುಡುಗ, ಮಾಳಿಗೆಯ ಮೇಲೆ ಬಿಸಿಲು ಕಾಯುವ ಅಕ್ಕತಂಗಿಯರು. ಮದುಮಗಳ ಭುಜದ ಹಿಂದೆ ಕಣ್ಣು ಹಾಯಿಸಿದರೆ ಅಂಗಡಿಯ ಫಲಕದ ಅರ್ಧ, ಬಾಗಿಲಿನ ಸಂಖ್ಯೆ, ಮೂಲೆಯ ದೀಪದ ಕಂಬ. ನೆರಳು ಬಿದ್ದ ದಿಕ್ಕನ್ನು ನೋಡಿ ಬೀದಿಯ ಯಾವ ಮಗ್ಗುಲು ಎಂದು ಹೇಳಬಹುದು. ಬೆಂಕಿ ವಿಮೆಗಾಗಿ ತಯಾರಿಸಿದ ಹಳೆಯ ನಕ್ಷೆಗಳಲ್ಲಿ ಪ್ರತಿ ಕಟ್ಟಡದ ಅಂತಸ್ತು ಎಷ್ಟು, ಇಟ್ಟಿಗೆಯದೋ ಮರದ್ದೋ ಎಂದು ಗುರುತು ಹಾಕಿರುತ್ತಾರೆ. ಚಿತ್ರವನ್ನು ನಕ್ಷೆಯ ಪಕ್ಕದಲ್ಲಿಟ್ಟರೆ ಮನೆ ಸಿಕ್ಕಿಯೇ ಸಿಗುತ್ತದೆ.

ಅದಕ್ಕಿಂತ ಬೇಗ ಹುಡುಕಿಕೊಡುವುದು ಕಾಲುಗಳ ನೆನಪು. ಅಂಗಡಿಗಳ ಹೆಸರು ಹೇಳಿ ಎಂದರೆ ತಡವರಿಸುವ ಅಜ್ಜಿಯನ್ನು, ಶಾಲೆಯಿಂದ ಮನೆಗೆ ಹೇಗೆ ಬರುತ್ತಿದ್ದಿರಿ ಎಂದು ಕೇಳಿ. ಒಂದೊಂದೇ ಬಾಗಿಲು ತೆರೆಯುತ್ತಾ ಬರುತ್ತಾರೆ. ತಪ್ಪೂ ಮಾಡುತ್ತಾರೆ, ಅದು ಬೇರೆ ಮಾತು. ಒಬ್ಬರ ನೆನಪಿನ ಬೇಕರಿ ಇನ್ನೊಬ್ಬರ ನೆನಪಿನಲ್ಲಿ ಎದುರು ಮಗ್ಗುಲಿಗೆ ಹಾರಿರುತ್ತದೆ. ಆಗ ಮೂರನೆಯವರ ಆಲ್ಬಮ್ಮು ಬರಬೇಕು, ಜಗಳ ಬಿಡಿಸಲು.

ವೆಸ್ಟ್ ಎಂಡಿನವರು 1985ರಲ್ಲಿ ತಮ್ಮದೇ ಒಂದು ಪತ್ರಿಕೆ ಹೊರಡಿಸಿದರು. ಮುಂದೆ ವಸ್ತುಸಂಗ್ರಹಾಲಯವನ್ನೂ ಕಟ್ಟಿದರು. ಒಂದೂರಿನವರು ಎಂದು ಕರೆದುಕೊಳ್ಳಲು ಊರೇ ಉಳಿಯದಿದ್ದರೂ ಜನ ಸೇರಿದರು. ಅವರನ್ನು ತೆರವಿಗೆ ಮುಂಚೆಯೂ ಆಮೇಲೆಯೂ ಮಾತನಾಡಿಸಿದ್ದ ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೈಡ್, ಹಲವರ ದುಃಖವು ಹತ್ತಿರದವರು ತೀರಿಹೋದಾಗಿನ ದುಃಖದಂತೆಯೇ ಇತ್ತು ಎಂದು 1963ರಲ್ಲಿ ಬರೆದರು. ನಗರದ ಮರುಅಭಿವೃದ್ಧಿ ಪ್ರಾಧಿಕಾರ ಕ್ಷಮೆ ಕೇಳಿದ್ದು 2015ರಲ್ಲಿ.

ಇಟ್ಟಿಗೆಯ ವಠಾರಗಳಿದ್ದಲ್ಲಿ ಅನುಕೂಲಸ್ಥರಿಗಾಗಿ ಎತ್ತರದ ಅಪಾರ್ಟ್‌ಮೆಂಟುಗಳು ಎದ್ದವು. ಪಕ್ಕದ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ತೆವಳುವ ಕಡೆ, ಚಾಲಕರ ಕಣ್ಣಿಗೆ ಬೀಳುವಂತೆ ಒಂದು ಜಾಹೀರಾತು ಫಲಕವನ್ನು ನಿಲ್ಲಿಸಿದ್ದರು: 'ನೀವು ಇಲ್ಲಿ ವಾಸವಾಗಿದ್ದಿದ್ದರೆ ಇಷ್ಟು ಹೊತ್ತಿಗೆ ಮನೆ ಸೇರಿರುತ್ತಿದ್ದಿರಿ.'

ಆ ಸಾಲಿನಲ್ಲಿ ಕಾಯುತ್ತಾ ಅದನ್ನು ಓದಿದವರಲ್ಲಿ ಹಳೆಯ ವೆಸ್ಟ್ ಎಂಡಿನವರೂ ಇದ್ದರು. ನಮಸ್ಕಾರ.