ಗದ್ಯಭಾಗದಲ್ಲಿ ಇರುವಷ್ಟನ್ನೇ ಓದುವುದು

ಗೆಳೆಯರೇ, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ಮೈಸೂರಿಗೆ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಿಮ್ಮಲ್ಲಿ ಹಲವರಿಗೆ ತಾರ್ಕಿಕ ಪ್ರಶ್ನೆ ಎಂದರೆ ಅಳುಕು. ನಿಮಗೆ ತರ್ಕ ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಅಂಕ ಹೋಗುವುದು ಓದಿನಲ್ಲಿ. ಪ್ರಶ್ನೆಯ ಜೊತೆ ಕೊಟ್ಟ ಗದ್ಯಭಾಗ ಹೇಳಿದ್ದನ್ನು ಬಿಟ್ಟು, ಮೊದಲೇ ಗೊತ್ತಿದ್ದದ್ದನ್ನು ಅದರೊಳಗೆ ಓದಿಕೊಂಡುಬಿಡುತ್ತೇವೆ.

ಒಂದನ್ನು ಬಿಡಿಸಿ ನೋಡೋಣ. ‘ರಾಸಾಯನಿಕ ಹಾಕದೆ ತೆಗೆದ ಬೆಲ್ಲ ಕಪ್ಪಗೆ ಬರುತ್ತದೆ. ಆದ್ದರಿಂದ ರಾಸಾಯನಿಕ ಬಿಟ್ಟ ಆಲೆಮನೆಗಳ ಆದಾಯ ಇಳಿಯುತ್ತದೆ.’ ಈ ವಾದದ ಹಿಂದಿರುವ ಊಹೆ, ಅಂದರೆ ಬಾಯಿಬಿಟ್ಟು ಹೇಳದೆ ನಿಜವೆಂದು ಹಿಡಿದಿರುವ ಮಾತು, ಯಾವುದು? ಎ: ರಾಸಾಯನಿಕ ಆರೋಗ್ಯಕ್ಕೆ ಕೆಟ್ಟದ್ದು. ಬಿ: ಕಪ್ಪು ಬೆಲ್ಲಕ್ಕೆ ಬೆಲೆ ಅಥವಾ ಬೇಡಿಕೆ ಕಡಿಮೆ. ಸಿ: ಎಲ್ಲ ಆಲೆಮನೆಗಳೂ ರಾಸಾಯನಿಕ ಬಳಸುತ್ತವೆ.

ಮೊದಲು ತೀರ್ಮಾನ ಹುಡುಕಿ. ‘ಆದ್ದರಿಂದ’, ‘ಹಾಗಾಗಿ’ ಆದಮೇಲೆ ಬರುವುದು ಸಾಮಾನ್ಯವಾಗಿ ಅದೇ. ‘ಏಕೆಂದರೆ’ ಆದಮೇಲೆ ಬರುವುದು ಆಧಾರ. ಇಲ್ಲಿ ಆಧಾರ ಬಣ್ಣದ ಮಾತು, ತೀರ್ಮಾನ ಆದಾಯದ ಮಾತು. ಬಣ್ಣದಿಂದ ಆದಾಯಕ್ಕೆ ಹೋಗುವ ದಾರಿಯನ್ನು ಗದ್ಯಭಾಗ ಹೇಳಿಯೇ ಇಲ್ಲ. ಉತ್ತರ ಆ ಖಾಲಿ ಜಾಗದಲ್ಲಿದೆ.

ಈಗ ಆಯ್ಕೆಗಳನ್ನು ಒಂದೊಂದಾಗಿ ‘ಹಾಗಲ್ಲ’ ಎಂದು ತಿರುಗಿಸಿ ಹೇಳಿಕೊಳ್ಳಿ. ‘ಕಪ್ಪು ಬೆಲ್ಲಕ್ಕೆ ಬೆಲೆಯೂ ಕಡಿಮೆಯಿಲ್ಲ, ಬೇಡಿಕೆಯೂ ಕಡಿಮೆಯಿಲ್ಲ’ ಎಂದರೆ ವಾದ ಕುಸಿಯುತ್ತದೆ. ಹಾಗಾಗಿ ಬಿ ಸರಿ. ‘ರಾಸಾಯನಿಕದಿಂದ ಆರೋಗ್ಯಕ್ಕೆ ತೊಂದರೆಯಿಲ್ಲ’ ಎಂದರೂ ಬಣ್ಣ, ಆದಾಯದ ವಾದಕ್ಕೆ ಏನೂ ಆಗುವುದಿಲ್ಲ. ಆದರೂ ಹೆಚ್ಚು ಜನ ಎ ಗುರುತು ಹಾಕುತ್ತಾರೆ, ಏಕೆಂದರೆ ಅದು ಕೇಳಿ ಕೇಳಿ ಗೊತ್ತಿರುವ ಮಾತು. ಲೋಕದಲ್ಲಿ ನಿಜವೇ ಎಂದು ಪ್ರಶ್ನೆ ಕೇಳಿಲ್ಲ. ಈ ವಾದಕ್ಕೆ ಬೇಕೇ ಎಂದು ಕೇಳಿದೆ. ಇನ್ನು ಸಿ. ‘ಬಿಟ್ಟ ಆಲೆಮನೆಗಳು’ ಎಂದು ಗದ್ಯಭಾಗವೇ ಹೇಳುವಾಗ ‘ಎಲ್ಲ’ ಎಲ್ಲಿಂದ ಬಂತು? ಗದ್ಯಭಾಗದಲ್ಲಿ ‘ಕೆಲವು’, ‘ಸಾಧ್ಯತೆ ಇದೆ’ ಎಂದಿದ್ದು ಆಯ್ಕೆಯಲ್ಲಿ ‘ಎಲ್ಲ’, ‘ಖಂಡಿತ’, ‘ಎಂದಿಗೂ’ ಬಂದರೆ ಅಲ್ಲಿ ನಿಲ್ಲಿ.

ಷರತ್ತಿನ ವಾಕ್ಯ ಇನ್ನೊಂದು ಗುಂಡಿ. ‘ನಾಲೆಗೆ ನೀರು ಬಿಟ್ಟರೆ ಮಾತ್ರ ಈ ಊರಲ್ಲಿ ಭತ್ತ ನಾಟಿ ಮಾಡುತ್ತಾರೆ. ನೀರು ಬಿಟ್ಟಿದ್ದಾರೆ.’ ನಾಟಿ ಆಗಿದೆ ಎನ್ನಬಹುದೇ? ಎನ್ನಲಾಗದು. ಆಳು ಸಿಗದಿರಬಹುದು, ಕಬ್ಬು ಹಾಕಿರಬಹುದು. ನಾಟಿ ಆಗಿದ್ದರೆ ನೀರು ಬಿಟ್ಟಿದ್ದಾರೆ, ನೀರು ಬಿಡದಿದ್ದರೆ ನಾಟಿ ಇಲ್ಲ: ಈ ಎರಡನ್ನಷ್ಟೇ ಹೇಳಬಹುದು. ‘ಮಾತ್ರ’ ಕಣ್ಣಿಗೆ ಬೀಳದಿದ್ದರೆ ಉತ್ತರ ತಲೆಕೆಳಗಾಗುತ್ತದೆ.

ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಪ್ರಿಲಿಮ್ಸ್‌ನಲ್ಲಿ ಇಂಥ ಪ್ರಶ್ನೆಗಳು ಬರುವ ಎರಡನೇ ಪತ್ರಿಕೆ, ಸಿಸ್ಯಾಟ್, ಇಂಗ್ಲಿಷ್, ಹಿಂದಿಯಲ್ಲಿ ಬರುತ್ತದೆ. ಕನ್ನಡ ಮಾಧ್ಯಮದವರು ‘ಓನ್ಲಿ ಇಫ್’ (ಆದರೆ ಮಾತ್ರ), ‘ಅನ್‌ಲೆಸ್’ (ಆಗದಿದ್ದರೆ) ಕಂಡ ಕೂಡಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿ, ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲೇ ಒಮ್ಮೆ ಹೇಳಿಕೊಳ್ಳಿ. ಅಲ್ಲಿ 80 ಪ್ರಶ್ನೆಗೆ 2 ಗಂಟೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ಸರಿ ಉತ್ತರಕ್ಕೆ 2.5 ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ. ಅರ್ಹತೆಗೆ 200ಕ್ಕೆ 66 ಸಾಕಾದ್ದರಿಂದ ಎಲ್ಲವನ್ನೂ ಮುಟ್ಟುವ ಹಟ ಬೇಡ. ಗದ್ಯಭಾಗಕ್ಕೆ ಮೊದಲು ಪ್ರಶ್ನೆ ಓದಿ: ಊಹೆ ಕೇಳಿದ್ದಾರೋ, ತೀರ್ಮಾನ ಕೇಳಿದ್ದಾರೋ ಎಂಬುದರ ಮೇಲೆ ಓದುವ ರೀತಿಯೇ ಬೇರೆಯಾಗುತ್ತದೆ.

ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳೇ ಒಳ್ಳೆಯವು. ಮೊದಲ ಎರಡು ವಾರ ಗಡಿಯಾರ ಬೇಡ, ದಿನಕ್ಕೆ ಐದು ಗದ್ಯಭಾಗ ಸಾಕು. ಪ್ರತಿಯೊಂದಕ್ಕೂ ತೀರ್ಮಾನವನ್ನು ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆದ ಮೇಲೆಯೇ ಆಯ್ಕೆಗಳನ್ನು ನೋಡಿ. ತಪ್ಪಾದ ಕಡೆ ಸರಿ ಉತ್ತರದ ಅಕ್ಷರ ಬರೆದುಕೊಂಡು ಮುಂದೆ ಹೋಗಬೇಡಿ. ನಿಮ್ಮನ್ನು ದಾರಿ ತಪ್ಪಿಸಿದ ಪದ ಯಾವುದೆಂದು ಬರೆಯಿರಿ. ನಲವತ್ತು ಐವತ್ತು ತಪ್ಪು ಸೇರುವ ಹೊತ್ತಿಗೆ ನೀವು ಎಡವುವ ಜಾಗ ಮೂರೋ ನಾಲ್ಕೋ ಎಂದು ಕಾಣುತ್ತದೆ. ಗಡಿಯಾರ ಇಟ್ಟುಕೊಳ್ಳುವುದು ಅದಾದ ಮೇಲೆ.