ಹೆಸರು ಬರೆದ ಪೆಟ್ಟಿಗೆ: ಬೆಂಗಳೂರಿನ ಮಕ್ಕಳ ಪಾಲನಾ ಮನೆಗಳಲ್ಲಿ ಕ್ರಿಸ್ಮಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮಕ್ಕಳ ಪಾಲನಾ ಮನೆಗಳಿಗೆ ನಮ್ಮ ಚರ್ಚಿನ ಸಭೆಯವರು ಕ್ರಿಸ್ಮಸ್ ಉಡುಗೊರೆ ಕೊಡುವ ಬಗೆಯನ್ನು ತೋರಿಸುವ ಈ ವಿಡಿಯೋದಲ್ಲಿ ನೀವು ಒಂದು ಮಗುವಿನ ಮುಖವನ್ನೂ ನೋಡುವುದಿಲ್ಲ. ಕೈಗಳು, ಪಾದಗಳು, ರಟ್ಟಿನ ಪೆಟ್ಟಿಗೆಗಳು, ಬಾಗಿಲ ಮೇಲೆ ತೂಗುಹಾಕಿದ ಕಾಗದದ ನಕ್ಷತ್ರ, ಇಷ್ಟೇ ಕಾಣುತ್ತವೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಇಂತಹ ಮನೆಗಳಲ್ಲಿ ಬೆಳೆಯುತ್ತಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಅಥವಾ ಗುರುತು ಹಿಡಿಯಲು ನೆರವಾಗುವ ಯಾವ ವಿವರವನ್ನೂ ಬಹಿರಂಗಪಡಿಸುವಂತಿಲ್ಲ. ಬಹಿರಂಗಪಡಿಸಿದವರಿಗೆ 6 ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಈ ಕಾನೂನು ಇಲ್ಲದಿದ್ದರೂ ನಾನು ಹೀಗೆಯೇ ಚಿತ್ರೀಕರಿಸುತ್ತಿದ್ದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕ್ರಿಸ್ತನೇ ಹೇಳಿರುವಾಗ, ಕೊಡುವವರ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದು ನಮ್ಮ ಹಬ್ಬಕ್ಕೆ ಸಲ್ಲುವ ಕೆಲಸವಲ್ಲ.

ಈಗ ನೀವು ನೋಡುತ್ತಿರುವುದು ನಮ್ಮ ಸಭೆಯ ಸಂಡೇ ಸ್ಕೂಲ್ ಕೊಠಡಿ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದ್ದೇವೆ. ಕನ್ನಡ ನಾಡಿನಲ್ಲಿ ಮಿಷನ್ನಿಗೂ ತಬ್ಬಲಿ ಮಕ್ಕಳಿಗೂ ಇರುವ ನಂಟು ಹಳೆಯದು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ, ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ನೆನೆಯುತ್ತಿದ್ದ ಕ್ಷಾಮದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಷನರಿಗಳು ಅನಾಥಾಲಯಗಳನ್ನು ತೆರೆದರು. ನೂರು ವರ್ಷಗಳ ಬಳಿಕ, 1980ರಲ್ಲಿ, ಸಲೇಶಿಯನ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಭೆಯವರು ಬೆಂಗಳೂರಿನ ಬೀದಿಗಳಲ್ಲಿ ಮಲಗುತ್ತಿದ್ದ ಮಕ್ಕಳಿಗಾಗಿ ಬೋಸ್ಕೋ ಸಂಸ್ಥೆಯನ್ನು ಆರಂಭಿಸಿದರು. ಆ ದೊಡ್ಡ ಕೆಲಸಗಳ ಮುಂದೆ ಡಿಸೆಂಬರಿನ ಉಡುಗೊರೆ ಬಹಳ ಚಿಕ್ಕದು. ಆದರೂ ಅದನ್ನು ಸರಿಯಾಗಿ ಕೊಡಬೇಕು ಎಂಬುದೇ ನನ್ನ ಆಗ್ರಹ.

ಷೂ ಪೆಟ್ಟಿಗೆಯಲ್ಲಿ ಉಡುಗೊರೆ ತುಂಬಿ ಕೊಡುವ ಪದ್ಧತಿ ನಮ್ಮದಲ್ಲ. 1990ರಲ್ಲಿ, ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಕುಸಿದ ಮೇಲೆ, ಅಲ್ಲಿನ ಅನಾಥಾಲಯಗಳ ಸ್ಥಿತಿಯನ್ನು ಕಂಡು ಮರುಗಿದ ಬ್ರಿಟನ್ನಿನ ಕೆಲವರು ಅದನ್ನು ಆರಂಭಿಸಿದರು. 1993ರಿಂದ ಅಮೆರಿಕದ ಸಮಾರಿಟನ್ಸ್ ಪರ್ಸ್ ಸಂಸ್ಥೆ ಅದನ್ನು ಆಪರೇಷನ್ ಕ್ರಿಸ್ಮಸ್ ಚೈಲ್ಡ್ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಒಯ್ದಿತು. ಅಲ್ಲಿ ಪೆಟ್ಟಿಗೆ ತುಂಬುವವರಿಗೆ ಅದು ಯಾರ ಕೈ ಸೇರುತ್ತದೆಂದು ಗೊತ್ತಿರುವುದಿಲ್ಲ. ಹುಡುಗನೋ ಹುಡುಗಿಯೋ, ವಯಸ್ಸು 2ರಿಂದ 4ರೊಳಗೋ, 5ರಿಂದ 9ರೊಳಗೋ, 10ರಿಂದ 14ರೊಳಗೋ ಎಂಬುದಷ್ಟೇ ಲೆಕ್ಕ. ಸಮುದ್ರ ದಾಟಿ ಹೋಗುವ ಪೆಟ್ಟಿಗೆಗೆ ಬೇರೆ ದಾರಿಯಿಲ್ಲ, ಒಪ್ಪುತ್ತೇನೆ. ಆದರೆ ಒಂದು ಬಿಎಂಟಿಸಿ ಬಸ್ಸು ಹತ್ತಿದರೆ ತಲುಪಬಹುದಾದ ಮನೆಗೆ ನಾವೂ ಹಾಗೆಯೇ ಊಹೆಯ ಮೇಲೆ ಪೆಟ್ಟಿಗೆ ತುಂಬಿದರೆ ಅದು ಸೋಮಾರಿತನವಾಗುತ್ತದೆ.

ಆದ್ದರಿಂದ ನಮ್ಮ ಕೆಲಸ ನವೆಂಬರಿನಲ್ಲಿಯೇ ಆರಂಭವಾಗುತ್ತದೆ. ಮನೆಯ ಮೇಲ್ವಿಚಾರಕರ ಅನುಮತಿ ಪಡೆದು ಇಬ್ಬರೋ ಮೂವರೋ ಹೋಗುತ್ತೇವೆ. ದೊಡ್ಡ ಗುಂಪು ಬೇಡ. ಇಲ್ಲಿ ನೋಡಿ, ಹಳೆಯ ದಿನಪತ್ರಿಕೆಯ ಹಾಳೆಯ ಮೇಲೆ ಒಂದು ಮಗು ನಿಂತಿದೆ, ನಮ್ಮ ಸಭೆಯ ಹಿರಿಯಕ್ಕ ಬಗ್ಗಿ ಅದರ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಾರೆ. ವಯಸ್ಸು ಕೇಳಿ ಷೂ ಕೊಂಡರೆ ಹೊಂದುವುದಿಲ್ಲ, ಏಕೆಂದರೆ ಊಟ ಸರಿಯಿಲ್ಲದೆ ಬೆಳೆದ ಹತ್ತು ವರ್ಷದ ಮಗುವಿನ ಪಾದ ಕೆಲವೊಮ್ಮೆ ಏಳು ವರ್ಷದ ಮಗುವಿನಷ್ಟೇ ಇರುತ್ತದೆ. ಆ ಹಾಳೆಗಳನ್ನು ಕತ್ತರಿಸಿ, ಹಿಂದೆ ಹೆಸರು ಬರೆದು, ಕಟ್ಟು ಕಟ್ಟಿಕೊಂಡು ಅಂಗಡಿಗೆ ಹೋಗುತ್ತೇವೆ. ಜಾಮಿಟ್ರಿ ಬಾಕ್ಸು, ಬಣ್ಣದ ಪೆನ್ಸಿಲು, ಡ್ರಾಯಿಂಗ್ ಪುಸ್ತಕಗಳಿಗೆ ಅವೆನ್ಯೂ ರಸ್ತೆ, ಬಟ್ಟೆಗೆ ಚಿಕ್ಕಪೇಟೆ. ಚಿಕ್ಕಪೇಟೆಯಲ್ಲಿ ಒಂದೇ ಥಾನಿನಿಂದ ಎಲ್ಲರಿಗೂ ಹೊಲಿಸಿದರೆ ಅಗ್ಗವಾಗುತ್ತದೆಂದು ಅಂಗಡಿಯವರು ಪ್ರತಿ ಸಲವೂ ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಸಮವಸ್ತ್ರ, ಸೋಪು, ತಟ್ಟೆ, ಹೊದಿಕೆ ಎಲ್ಲವೂ ಎಲ್ಲರಿಗೂ ಒಂದೇ ಬಗೆಯದಾಗಿರುವ ಮನೆಯಲ್ಲಿ, ಹಬ್ಬದ ಅಂಗಿಯಾದರೂ ಪಕ್ಕದವನ ಅಂಗಿಯಂತೆ ಇರಬಾರದು.

ಇದು ಕೊಡುವ ದಿನದ ದೃಶ್ಯ. ವೇದಿಕೆಯಿಲ್ಲ, ಬ್ಯಾನರಿಲ್ಲ. ಮೂಲೆಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ, ಮಕ್ಕಳೇ ಕಟ್ಟಿದ ಗೋದಲಿ ಇದೆ, ತಟ್ಟೆಗಳಲ್ಲಿ ಕಲ್ಕಲ್, ಅಚ್ಚುಮುರುಕು ಮತ್ತು ಕೇಕಿನ ಚೂರುಗಳಿವೆ. ಪೆಟ್ಟಿಗೆ ತೆರೆದ ಒಬ್ಬ ಹುಡುಗ ಮೊದಲು ಕೇಳಿದ್ದು, "ಅಣ್ಣಾ, ಇದು ನನಗೊಬ್ಬನಿಗೇನಾ?" ಹೌದೆಂದಾಗ ಅವನು ಷೂ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿದ್ದ ಪೆನ್ನನ್ನೇ ತೆಗೆದು, ಷೂವಿನ ನಾಲಿಗೆಯನ್ನು ಮಡಿಸಿ, ಅದರ ಒಳಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಒತ್ತಿ ಒತ್ತಿ ಬರೆದ. ಆಮೇಲೆ ಇನ್ನೊಂದು ಷೂವಿಗೂ ಬರೆದ. ಅದಾದ ಮೇಲೆಯೇ ಲೇಸು ಕಟ್ಟಿದ್ದು. ನವೆಂಬರಿನ ಅಳತೆಯೆಲ್ಲ ಇದಕ್ಕಾಗಿಯೇ.

ಇಲ್ಲಿರುವ ಎಲ್ಲ ಮಕ್ಕಳೂ ಹೆತ್ತವರಿಲ್ಲದವರಲ್ಲ. ಹಲವರಿಗೆ ತಾಯಿಯೋ ತಂದೆಯೋ ಇದ್ದಾರೆ, ಸಾಕುವ ಶಕ್ತಿ ಇಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಮಗು ಇಲ್ಲಿಗೆ ಬಂದಿರುತ್ತದೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳೆಲ್ಲರೂ ಇದ್ದಾರೆ. ಆದ್ದರಿಂದ ಪ್ರಾರ್ಥನೆಗೆ ಕುಳಿತವರಿಗೆ ಮೊದಲ ಪೆಟ್ಟಿಗೆ, ಗೀತೆ ಹಾಡಿದವರಿಗೆ ಚಾಕೊಲೇಟು ಎಂಬ ಯಾವ ಷರತ್ತನ್ನೂ ನಾವು ಇಡುವುದಿಲ್ಲ, ಕರಪತ್ರವನ್ನೂ ಪೆಟ್ಟಿಗೆಯೊಳಗೆ ಸೇರಿಸುವುದಿಲ್ಲ. ನಾವು ಯಾರು, ಯಾವ ಹಬ್ಬಕ್ಕಾಗಿ ಬಂದಿದ್ದೇವೆ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಇದು ಸುವಾರ್ತೆಯನ್ನು ಸಾರದ ಸೇವೆ ಎಂದು ನಮ್ಮ ಸಭೆಯಲ್ಲಿಯೇ ಕೆಲವರಿಗೆ ಅಸಮಾಧಾನವಿದೆ. ಇಲ್ಲವೆನ್ನಲು ಬಾರದ ವಯಸ್ಸಿನ, ಎದ್ದು ಹೋಗಲು ಬೇರೆ ಮನೆಯಿಲ್ಲದ ಮಗುವಿನ ಮುಂದೆ ಉಡುಗೊರೆ ಹಿಡಿದು ಬೋಧಿಸುವುದನ್ನು ನನ್ನ ನಂಬಿಕೆಯೇ ನನಗೆ ಬೇಡವೆನ್ನುತ್ತದೆ.

ಡಿಸೆಂಬರಿನಲ್ಲಿ ಈ ಮನೆಗಳಿಗೆ ಬರುವವರಿಗೆ ಕೊರತೆಯಿಲ್ಲ, ಕೆಲವು ದಿನ ಕೇಕುಗಳೇ ಹೆಚ್ಚಾಗುತ್ತವೆ. ಶಾಲೆ ತೆರೆಯುವ ಜೂನ್ ಹೊತ್ತಿಗೆ, ಬ್ಯಾಗು, ನೋಟ್‌ಪುಸ್ತಕ, ಛತ್ರಿ ಬೇಕಾದಾಗ, ಬಾಗಿಲು ತಟ್ಟುವವರು ವಿರಳ. ಹಾಗಾಗಿ ಕ್ರಿಸ್ಮಸ್ ಕಾಣಿಕೆಯಲ್ಲಿ ಒಂದು ಪಾಲನ್ನು ಮೇ ತಿಂಗಳಿಗೆಂದು ತೆಗೆದಿಡುತ್ತೇವೆ. ನೀವು ಕೊಡುವುದಿದ್ದರೆ ಸಾಮಾನು ಕೊಳ್ಳುವ ಮೊದಲು, ಆ ಮನೆ ಬಾಲನ್ಯಾಯ ಕಾಯ್ದೆಯಡಿ ನೋಂದಾಯಿತವಾಗಿದೆಯೇ ಎಂದು ವಿಚಾರಿಸಿ, ಅಲ್ಲಿನ ಮೇಲ್ವಿಚಾರಕರಿಂದ ಪಟ್ಟಿ ಕೇಳಿ ಪಡೆಯಿರಿ. ಈ ಸಲದ ಪಟ್ಟಿಯಲ್ಲಿ, 18 ತುಂಬಿ ಇಲ್ಲಿಂದ ಹೊರಡಲಿರುವ ಒಬ್ಬ ಹುಡುಗನ ಕೋರಿಕೆಯೂ ಇದೆ. ಕಾಯ್ದೆಯಲ್ಲಿ 21 ವರ್ಷದವರೆಗೆ ಅನುಪಾಲನೆಗೆ, ಅಂದರೆ ಮನೆ ಬಿಟ್ಟ ನಂತರದ ನೆರವಿಗೆ, ಅವಕಾಶವಿದ್ದರೂ, ಮುಂದೆ ಅವನು ವಾಸಿಸುವುದು ಬೇರೆ ಕಡೆ. ಬಟ್ಟೆ ಬೇಡ, ವಾಚು ಬೇಡ, ಬೀಗ ಹಾಕಬಹುದಾದ ಒಂದು ಟ್ರಂಕು ಬೇಕು ಎಂದು ಬರೆದಿದ್ದಾನೆ. ಅದನ್ನು ಕೊಳ್ಳಲು ಬರುವ ವಾರ ಹೋಗುತ್ತೇವೆ, ಅವನೂ ನಮ್ಮೊಡನೆ ಬರುತ್ತಾನೆ.