ಮರ ಅವನದೇ, ಕೀಳುವ ದಿನ ಊರಿನದು

ಕೇಳುಗರಿಗೆ ನಮಸ್ಕಾರ. ನನಗೆ ಕೊಟ್ಟಿರುವುದು ಎಂಟು ನಿಮಿಷ. ಹೇಳಬೇಕಾದ ಮಾತು ಒಂದೇ, ಅದನ್ನೇ ತಿರುತಿರುಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸರ್ವೆ ಕೆಲಸದಲ್ಲಿ ತಲೆ ಬೆಳ್ಳಗಾದವನು. ಯಾವ ಊರಿಗೆ ಹೋದರೂ ಮೊದಲು ಗಡಿಕಲ್ಲು ಹುಡುಕುವ ಚಟ. ಆ ಚಟ ಹೊತ್ತುಕೊಂಡೇ ಇಂಡೋನೇಷ್ಯಾದ ಮಲುಕು ದ್ವೀಪಗಳಿಗೆ ಹೋದೆ. ನಿಮ್ಮ ಮಸಾಲೆ ಡಬ್ಬಿಯ ಲವಂಗ ಇದೆಯಲ್ಲ, ಅದರ ತವರುಮನೆ ಅದು. ಅಲ್ಲಿ ಅಂಬೋನ್ ದ್ವೀಪ, ಅದರ ಪೂರ್ವಕ್ಕೆ ಹರುಕು ಅನ್ನುವ ಪುಟ್ಟ ದ್ವೀಪ. ತುಲೆಹು ಬಂದರಿನಿಂದ ಸ್ಪೀಡ್ ಬೋಟ್ ಹತ್ತಬೇಕು. ದ್ವೀಪದ ಹೆಸರಿನದೇ ಒಂದು ಹಳ್ಳಿಯೂ ಇದೆ. ಹಳ್ಳಿಗೆ ಅವರು ‘ನೆಗೆರಿ’ ಅನ್ನುತ್ತಾರೆ, ನಮ್ಮ ನಗರಿಯೇ. ಊರ ಮುಖ್ಯಸ್ಥನಿಗೆ ‘ರಾಜ’. ಕಿರೀಟ ಗಿರೀಟ ಏನಿಲ್ಲ, ನಮ್ಮ ಹಾಗೇ ಅಂಗಿ ಪ್ಯಾಂಟು.

ಈಗ ನೀವು ಕೇಳುವುದು ನನಗೆ ಗೊತ್ತು. ಜಮೀನು ಯಾರ ಹೆಸರಲ್ಲಿದೆ? ಈ ಪ್ರಶ್ನೆ ಸ್ವಲ್ಪ ಹೊತ್ತು ಬಿಡಿ. ಹರುಕುವಿನಲ್ಲಿ ‘ಯಾರದು’ ಅಂತ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ‘ಯಾವಾಗ ತೆಗೆಯಬಹುದು’ ಅಂತಲೂ ಕೇಳಬೇಕು.

ನನಗೆ ಇದು ಗೊತ್ತಾಗಿದ್ದು ಮಾನ ಕಳೆದುಕೊಂಡು. ಉಳಿದುಕೊಂಡಿದ್ದ ಮನೆಯ ಯಜಮಾನ ಬೆಳಿಗ್ಗೆ ತೋಟ ತೋರಿಸಲು ಕರೆದೊಯ್ದ. ತೋಟ ಅಂದರೆ ಸಾಲು ಹೊಡೆದು ನೆಟ್ಟಿದ್ದಲ್ಲ. ತೆಂಗು, ಲವಂಗ, ಜಾಯಿಕಾಯಿ, ದುರಿಯನ್, ಹಲಸಿನ ತಂಗಿಯಂತಿರುವ ಚೆಂಪೆಡಾಕ್, ಎಲ್ಲ ಕಲಸುಮೇಲೋಗರ. ನಡುವೆ ನೋಡಿದರೆ ಅಡಿಕೆ ಮರ! ಶಿರಸಿ ಕಡೆಯವನು ನಾನು, ಕೈ ಸುಮ್ನಿರುತ್ತಾ? ಮರ ಇಳಿಜಾರಿನ ಕೆಳಗಿತ್ತು, ದಾರಿ ಮೇಲಿತ್ತು, ಹಾಗಾಗಿ ಗೊನೆ ನನ್ನ ಎದೆಮಟ್ಟಕ್ಕೇ ಬಂದಿತ್ತು. ಹಸಿರು ಕಾಯಿ. ನಾವು ಕೆಂಪಡಿಕೆಗೆ ಹಸಿಗಾಯಿಯನ್ನೇ ಸುಲಿದು ಬೇಯಿಸುತ್ತೇವೆ ಅಂತ ಅವನಿಗೆ ತೋರಿಸುವ ಉಮೇದಿನಲ್ಲಿ ಒಂದು ಕಾಯಿ ಮುರಿದೇಬಿಟ್ಟೆ. ಅವನ ಮುಖ ನೋಡಬೇಕಿತ್ತು. ನಾನೇನೋ ಅವನ ಮನೆದೇವರನ್ನು ಒದ್ದ ಹಾಗೆ.

‘ಯಾರ ಮರ ಇದು? ದುಡ್ಡು ಕೊಡುತ್ತೇನೆ’ ಅಂದೆ.

‘ನನ್ನ ತಮ್ಮನದು.’

‘ಹಾಗಾದರೆ ಮುಗೀತಲ್ಲ, ಅವನನ್ನು ಕೇಳಿದರಾಯಿತು.’

‘ಅವನೂ ಕೀಳುವಂತಿಲ್ಲ.’

‘ಮರ ಅವನದು ಅಂದೆಯಲ್ಲಪ್ಪ!’

‘ಮರ ಅವನದೇ. ಕಾಯಿ ಇನ್ನೂ ಹಣ್ಣಾಗಿಲ್ಲ.’

ನೋಡಿ, ನಲವತ್ತು ವರ್ಷ ಚೈನು ಎಳೆದವನಿಗೆ ಈ ಮಾತು ಅರ್ಥ ಆಗಲು ಇಡೀ ದಿನ ಬೇಕಾಯಿತು. ಇದಕ್ಕೆ ‘ಸಾಸಿ’ ಅಂತಾರೆ. ಸಾಸಿ ಅಂದರೆ ಊರು ಹಾಕಿದ ಬೀಗ. ಎಳೆ ತೆಂಗಿನ ಗರಿ ಕಟ್ಟಿದ ಗೂಟ ನಿಲ್ಲಿಸಿದರೆ ಮುಗೀತು, ಬೀಗ ಬಿದ್ದ ಹಾಗೆ. ಅಡಿಕೆ, ಅನಾನಸ್, ದುರಿಯನ್ ಯಾವುದನ್ನೂ ಎಳೆಯದಾಗಿ ಕೀಳುವಂತಿಲ್ಲ, ಮರ ನಿಮ್ಮಪ್ಪ ನೆಟ್ಟಿದ್ದಾದರೂ ಕೀಳುವಂತಿಲ್ಲ. ಇದನ್ನು ಕಾಯುವವರು ‘ಕೆವಾಂಗ್’, ಊರಿನದೇ ಕಾವಲು ಪಡೆ.

ಕೆವಾಂಗ್‌ನ ಹಿರಿಯನ ಮನೆಗೆ ನನ್ನನ್ನು ಕರೆದುಕೊಂಡು ಹೋದರು. ಅವನು ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಕಾಯನ್ನು ಅಂಗೈಯಲ್ಲಿಟ್ಟು ತಿರುಗಿಸಿದ, ಉಗುರಲ್ಲಿ ಒತ್ತಿದ. ‘ನಿಮ್ಮೂರಲ್ಲಿ ಹಸಿದನ್ನೇ ಕೀಳುತ್ತೀರಾ?’ ಹೌದು ಅಂದೆ. ‘ಹಾಗಾದರೆ ಬೀಜಕ್ಕೇನು ಮಾಡುತ್ತೀರಿ?’ ಒಳ್ಳೆ ಮರ ನೋಡಿ ಗೋಟಾಗಲು ಬಿಡುತ್ತೇವೆ ಅಂದೆ. ಅರ್ಧ ಸಮಾಧಾನ ಆದ ಹಾಗೆ ಕಂಡಿತು. ದಂಡ ಎಷ್ಟು ಅಂತ ಪರ್ಸು ತೆಗೆದರೆ, ನಕ್ಕುಬಿಟ್ಟ. ದಂಡ ನನಗಲ್ಲವಂತೆ, ನನ್ನನ್ನು ತೋಟಕ್ಕೆ ಕರೆದೊಯ್ದವನಿಗಂತೆ! ಆ ರಾತ್ರಿ ಊಟಕ್ಕೆ ಕೂತಾಗ ಪಾಪೆಡಾ ಗಂಟಲಲ್ಲಿ ಇಳಿಯಲಿಲ್ಲ. ಪಾಪೆಡಾ ಅಂದರೆ ಸಾಗು ಮರದ ಹಿಟ್ಟಿನ ಅಂಟಂಟು ಗಂಜಿ, ಅರಿಶಿನದ ಮೀನು ಸಾರಿನ ಜೊತೆ ನುಂಗುವುದು. ನಮ್ಮ ಸಬ್ಬಕ್ಕಿ ಮರಗೆಣಸಿನದು, ಅವರದು ಮರದ ತಿರುಳಿನದೇ.

ನನ್ನ ಕಥೆಯಲ್ಲೇ ಅರ್ಧ ಸಮಯ ಹೋಯಿತು. ಮೀನಿನ ವಿಷಯ ಹೇಳದೆ ಬಿಡಲಾರೆ, ಏಕೆಂದರೆ ಹರುಕು ಹೆಸರು ಮಾಡಿದ್ದೇ ಅದರಿಂದ. ಲೊಂಪಾ ಅಂತ, ಬೂತಾಯಿಯಂಥ ಸಣ್ಣ ಮೀನು. ಏಪ್ರಿಲ್, ಮೇ ಹೊತ್ತಿಗೆ ತೀರದಲ್ಲಿ ಮರಿ ಕಾಣಿಸಿಕೊಂಡರೆ ಬೀಗ ಬಿತ್ತು. ಸ್ವಲ್ಪ ದೊಡ್ಡದಾದ ಮೇಲೆ ಈ ಮೀನು ಹಗಲೆಲ್ಲ ಲೆಯಾರಿಸಾ ಕಾಯೆಲಿ ಹೊಳೆಯೊಳಗೆ ಇರುತ್ತದೆ, ಕತ್ತಲಾದರೆ ಸಮುದ್ರಕ್ಕೆ ಹೋಗಿ ಬೆಳಗಿನ ಜಾವ ವಾಪಸ್ ಬರುತ್ತದೆ, ಡ್ಯೂಟಿಗೆ ಹೋದವರ ಹಾಗೆ. ಅಷ್ಟು ತಿಂಗಳೂ ಹೊಳೆಗೆ ಬಲೆ ಇಳಿಸುವಂತಿಲ್ಲ. ದೋಣಿ ಒಳಗೆ ಬರಬೇಕಾದರೆ ಎಂಜಿನ್ ಆಫ್. ಅಡಿಗೆಮನೆ ಕಸ ಹಾಕುವಂತಿಲ್ಲ. ಮಕ್ಕಳು ತಪ್ಪು ಮಾಡಿದರೆ ಬೆತ್ತದಲ್ಲಿ ಐದು ಏಟು, ಊರಿನಲ್ಲಿ ಐದು ‘ಸೋವಾ’ ಅಂದರೆ ಐದು ಬಳಿ, ಕುಲಗಳು, ಇವೆ, ಒಂದೊಂದು ಬಳಿಗೆ ಒಂದೊಂದು. ಏಟು ಸರಿ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹೇಳಿದೆ ಅಷ್ಟೇ.

ಮೀನು ಬಲಿತ ಮೇಲೆ ಒಂದು ದಿನ ಗೊತ್ತು ಮಾಡುತ್ತಾರೆ. ನಸುಕಿನ ಮೂರಕ್ಕೆ ಮೊದಲ ಡೋಲು. ಜನ ತೆಂಗಿನ ಗರಿ ಸುಟ್ಟು ಬೆಳಕು ಮಾಡಿ ಮೀನನ್ನು ಹೊಳೆಗೆ ಕರೆಯುತ್ತಾರೆ, ಒಳಗೆ ಬಂದ ಮೇಲೆ ಅಳಿವೆಗೆ ಅಡ್ಡ ಬಲೆ. ಮೊದಲ ಬೀಸುಬಲೆ ಊರಿನ ರಾಜನದು. ಆಮೇಲೆ ಡೋಲು ಬಡಿದರೆ ಮುದುಕರು, ಹೆಂಗಸರು, ಮಕ್ಕಳು, ಎಲ್ಲರೂ ಹೊಳೆಗೆ. ಅಲ್ಲಿಯವರೆಗೆ ಒಂದು ಮೀನೂ ಯಾರದೂ ಅಲ್ಲ, ಆ ಕ್ಷಣದಿಂದ ಬುಟ್ಟಿಗೆ ಬಿದ್ದಷ್ಟು ನಿಮ್ಮದು. ಯಾವಾಗ ಅಂತ ಕೇಳಿ ಅಂದೆನಲ್ಲ, ಇದಕ್ಕೇ. 1985ರಲ್ಲಿ ಈ ಕೆವಾಂಗ್‌ಗೆ ಸರ್ಕಾರ ದೇಶದ ದೊಡ್ಡ ಪರಿಸರ ಪ್ರಶಸ್ತಿ ಕೊಟ್ಟಿತು. ಹೆಸರೇನು ಗೊತ್ತಾ? ಕಲ್ಪತರು. ತಿಪಟೂರಿನವರು ಕೇಳಿಸಿಕೊಳ್ಳಿ.

ಅದೇ ಸಾಸಿಯಲ್ಲಿ ಇನ್ನೊಂದು ನಿಯಮ, ಗಂಡಸರು ಹಗಲು ಹೊತ್ತು ಊರಲ್ಲಿ ಲುಂಗಿ ಸುತ್ತಿಕೊಂಡು ಓಡಾಡುವಂತಿಲ್ಲ, ಕಾಯಿಲೆ ಬಿದ್ದವರನ್ನು ಬಿಟ್ಟು. ನಮ್ಮ ಕರಾವಳಿಯಲ್ಲಿ ಇದನ್ನು ತಂದರೆ ಊರೇ ಖಾಲಿ.

ಜಮೀನಿನ ಮಾತು ಬೇಗ ಮುಗಿಸುತ್ತೇನೆ. ಡಚ್ಚರ ಕಾಲದಲ್ಲಿ ಲವಂಗದ ಕಾವಲಿಗೆ ಹೊರಡುವ ದೊಡ್ಡ ದೋಣಿಗಳಿಗೆ ಹುಟ್ಟು ಹಾಕಲು ಕುಟುಂಬಗಳು ಆಳು ಕೊಡಬೇಕಿತ್ತು. ಆ ಸೇವೆಗೆ ಸೇರಿದ ಜಮೀನು ‘ದಾತಿ’. ಅದರ ಪಟ್ಟಿ ಬರೆದದ್ದು 1814ರಲ್ಲಿ, ಇವತ್ತಿಗೂ ಜಗಳ ಬಂದರೆ ಆ ಪಟ್ಟಿಯ ಮಾತು ಬರುತ್ತದೆ. ದಾತಿ ಒಬ್ಬನದಲ್ಲ, ಇಡೀ ಮನೆತನದ್ದು. ಬೇರೆಯವನು ಕೇಳಿಕೊಂಡು ಅದರಲ್ಲಿ ಮರ ನೆಟ್ಟರೆ ಮರ ಅವನದು, ನೆಲ ಮನೆತನದ್ದೇ. ಗಡಿಕಲ್ಲು ಹುಡುಕಿ ನನಗೆ ಸಾಕಾಯಿತು. ಗಡಿ ಎಲ್ಲಿ ಅಂದರೆ ಒಂದು ಮುದಿ ಲವಂಗದ ಮರ, ಒಂದು ಬಂಡೆ, ಒಂದು ತೊರೆ ತೋರಿಸುತ್ತಾರೆ.

ನನ್ನ ತಂಗಿಯ ಮಗ ಕೇಳುತ್ತಿದ್ದ, ಅಲ್ಲೊಂದು ಸೈಟು ತಗೊಂಡು ಹೋಂಸ್ಟೇ ಮಾಡಿದರೆ ಹೇಗೆ ಅಂತ. ಆಗುವುದಿಲ್ಲ ಮಾರಾಯಾ. 1960ರ ಭೂ ಕಾನೂನಿನ ಪ್ರಕಾರ ಪೂರ್ತಿ ಒಡೆತನ ಅವರ ದೇಶದ ಪ್ರಜೆಗಳಿಗೆ ಮಾತ್ರ. ಬಾಡಿಗೆಗೆ ಕೇಳುತ್ತೀಯಾ, ದಾತಿ ಜಮೀನಾದರೆ ಇಡೀ ಮನೆತನ ಹೂಂ ಅನ್ನಬೇಕು. ಅವರಲ್ಲಿ ಒಬ್ಬ ಅಂಬೋನ್‌ನಲ್ಲಿ, ಇನ್ನೊಬ್ಬ ಜಕಾರ್ತಾದಲ್ಲಿ, ಡಚ್ಚರ ಸೈನ್ಯದಲ್ಲಿದ್ದು 1951ರಲ್ಲಿ ಹಡಗು ಹತ್ತಿದ ಅಜ್ಜನ ಮೊಮ್ಮಕ್ಕಳು ನೆದರ್‌ಲ್ಯಾಂಡ್ಸ್‌ನಲ್ಲಿ. ಎಲ್ಲರನ್ನೂ ಒಂದು ಜಗಲಿಗೆ ಕೂರಿಸುವಷ್ಟರಲ್ಲಿ ನಿನಗೆ ನನ್ನ ವಯಸ್ಸಾಗಿರುತ್ತದೆ.

ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ. ನಮಸ್ಕಾರ.